ಪಾಲಿಗೆ ಸಾಕಿದ ಕೈ

ಆಸ್ಪತ್ರೆಯಿಂದ ಮನೆಗೆ ಬಂದ ಮಾರನೆಯ ಬೆಳಿಗ್ಗೆ ದೊಡ್ಡಮಾದಯ್ಯನ ಹಾಸಿಗೆಯಲ್ಲಿ ಒಂದು ಕೈ ಸಿಕ್ಕಿತು.

ಕಂಬಳಿಯ ಅಂಚಿನಿಂದ ಅರ್ಧ ಹೊರಗೆ ಬಂದು, ಹೆಬ್ಬೆರಳನ್ನು ಒಳಕ್ಕೆ ಮಡಚಿಕೊಂಡು, ಯಾರ ಗೊಡವೆಯೂ ಬೇಡವೆನ್ನುವಂತೆ ಅದು ಮಲಗಿತ್ತು. ಅವನು ಬಲಗೈಯಿಂದ ಅದನ್ನು ಮುಟ್ಟಿ ನೋಡಿದ. ತಣ್ಣಗಿತ್ತು. ಎತ್ತಿ ನೋಡಿದ. ಭಾರವಾಗಿತ್ತು. ಇದ್ದಲ್ಲೇ ಮೆಲ್ಲಗೆ ಇಟ್ಟು ಹೆಂಡತಿಯನ್ನು ಕೂಗಿದ.

"ಮಂಚೀ, ಇಲ್ ಬಾ. ಯಾರೋ ಕೈ ಬುಟ್ಟೋಗವ್ರೆ."

ಮಂಚಮ್ಮ ಮುದ್ದೆ ತಿರುವುತ್ತಿದ್ದ ಕೋಲನ್ನು ಹಿಡಿದುಕೊಂಡೇ ಬಂದಳು. ಗಂಡನನ್ನು ನೋಡಿದಳು, ಕೈಯನ್ನು ನೋಡಿದಳು.

"ಅದು ನಿಂದೇ ಕಣ."

"ನಂದಾ? ನನ್ ಕೈ ಇಲ್ಲೇ ಅದೆ ನೋಡು." ಬಲಗೈ ಆಡಿಸಿ ತೋರಿಸಿದ.

"ಅದು ಬಲಗೈ. ಇದು ಎಡಗೈ."

"ಎಡಗೈನೂ ನನ್ನತ್ರ ಅದೆ."

"ಎಲ್ಲಿ ಅದೆ ತೋರ್ಸು ಮತ್ತೆ."

"ಇಲ್ಲೇ ಎಲ್ಲೋ ಇರ್ತದೆ ಬುಡು, ಈಗ ಅದ್ಯಾಕೆ? ಮೊದ್ಲು ಇದು ಯಾರ್ದು ಅಂತ ಬೀದೀಲಿ ಕೇಳ್ಕೊಂಡು ಬಾ. ಪಾಪ, ಹುಡುಕ್ತಾ ಇರ್ತಾರೆ."

ಮಂಚಮ್ಮ ಅವನ ಎಡ ಮುಂಗೈಯನ್ನು ತಿರುಗಿಸಿದಳು. ಹರೆಯದಲ್ಲಿ ಹಾಕಿಸಿಕೊಂಡ ಹಸಿರು ಹಚ್ಚೆ ಅಲ್ಲಿತ್ತು, ಅವನ ಪೂರ್ತಿ ಹೆಸರು. "ಇದೇನಿದು? ಓದು."

ದೊಡ್ಡಮಾದಯ್ಯ ಬಗ್ಗಿ ಓದಿದ. ಅವನ ಕಣ್ಣು ತುಂಬಿ ಬಂತು. "ನನ್ನೆಸ್ರ ಬರಸ್ಕೊಂಡವ್ನಲ್ಲೇ! ಯಾರೋ ಬಾಳ ಬೇಕಾದವ್ನೇ ಇರ್ಬೇಕು."

ಹುಲ್ಲಹಳ್ಳಿಗೆ ಹೋಗುವ ರಸ್ತೆಯ ಮಗ್ಗುಲಿನ ಆ ಬೀದಿಯಲ್ಲಿ ದೊಡ್ಡಮಾದಯ್ಯನನ್ನು ತಿಳಿಯದವರಿಲ್ಲ. ಸ್ವಂತದ್ದೆಂದು ಹೇಳಿಕೊಳ್ಳಲು ಅವನಿಗೆ ಒಂದು ಹಸುವೂ ಇರಲಿಲ್ಲ, ಆದರೆ ಅವನ ಕೊಟ್ಟಿಗೆ ಖಾಲಿ ಇದ್ದ ದಿನವೂ ಇರಲಿಲ್ಲ. ಸುತ್ತಲಿನ ಊರುಗಳವರು ತಮ್ಮ ಕರುಗಳನ್ನು ಅವನಲ್ಲಿ ಪಾಲಿಗೆ ಬಿಡುತ್ತಿದ್ದರು. ದನ ಒಬ್ಬರದು, ಸಾಕುವ ಕೆಲಸ ಇನ್ನೊಬ್ಬರದು, ಅದರಿಂದ ಹುಟ್ಟಿದ್ದರಲ್ಲಿ ಇಬ್ಬರಿಗೂ ಸಮಪಾಲು. ಕೆಲವರು ಪಾಲಿನ ದನಕ್ಕೆ ಒಣಹುಲ್ಲು ಹಾಕಿ ತಮ್ಮದಕ್ಕೆ ಹಸಿಹುಲ್ಲು ಹಾಕುತ್ತಾರೆ. ದೊಡ್ಡಮಾದಯ್ಯ ತಾನು ಉಣ್ಣುವ ಮೊದಲು ಕೊಟ್ಟಿಗೆಗೆ ಹೋಗಿ ಬರುವವನು. ತನ್ನ ಮಗಳಿಗೆ ಜ್ವರ ಬಂದದ್ದು ಗೊತ್ತಾಗದಿದ್ದರೂ ಪಕ್ಕದೂರಿನವರ ಕರು ಮೇವು ಬಿಟ್ಟದ್ದು ಅವನಿಗೆ ಗೊತ್ತಾಗುತ್ತಿತ್ತು. ಇದಕ್ಕಾಗಿ ಮಂಚಮ್ಮ ಎಷ್ಟು ಸಲ ಜಗಳವಾಡಿದ್ದಳೋ.

ಗದ್ದೆಯ ಬದುವಿನ ಮೇಲೆ ಹುಲ್ಲು ಕೊಯ್ಯುತ್ತಿದ್ದಾಗ ಅವನು ಕುಸಿದಿದ್ದ. ಬೀದಿಯವರು ಲಕ್ವ ಎಂದರು, ಮೈಸೂರಿನ ಡಾಕ್ಟರು ಸ್ಟ್ರೋಕ್ ಎಂದರು. ಎಡಗಾಲು ಸೋತಿತ್ತು, ಎಡಗೈ ಬಿದ್ದೇ ಹೋಗಿತ್ತು. ಮಾತಿಗೆ ಮಾತ್ರ ಏನೂ ಆಗಿರಲಿಲ್ಲ. ಅವನು ಆಸ್ಪತ್ರೆಯಲ್ಲಿದ್ದಾಗ ದನದ ಒಡೆಯರು ಒಬ್ಬೊಬ್ಬರಾಗಿ ಬಂದು ಮಂಚಮ್ಮನಿಗೆ, "ನೀನೇ ಅವ್ರನ್ನ ನೋಡ್ಕೋಬೇಕು, ಇನ್ನು ಈ ದನಗಳ್ನ ಎಲ್ಲಿ ನೋಡ್ಕೊತೀಯವ್ವ" ಎಂದು ಹಗ್ಗ ಬಿಚ್ಚಿಕೊಂಡು ಹೋಗಿದ್ದರು. ಅವರದೂ ತಪ್ಪಿರಲಿಲ್ಲ.

ಕೈಯ ವಿಷಯ ಮಂಚಮ್ಮನಿಗೆ ದಿಗಿಲು ಹುಟ್ಟಿಸಿತು. ತಲೆ ಕೆಟ್ಟಿತೇನೋ ಎಂದುಕೊಂಡಳು. ನಂಜನಗೂಡಿನಲ್ಲಿ ಲಕ್ವ ಹೊಡೆದವರಿಗೆ ಕೈಕಾಲಿನ ವ್ಯಾಯಾಮ ಹೇಳಿಕೊಡುವ ರಮ್ಯ ಎಂಬ ಹುಡುಗಿ ಇದ್ದಳು. ಅವಳ ಮುಂದೆ ಹೋಗಿ ಅತ್ತಳು.

"ಅಮ್ಮ, ಅವರು ತಮಾಷೆ ಮಾಡ್ತಿಲ್ಲ, ಹುಚ್ಚೂ ಅಲ್ಲ" ಎಂದಳು ರಮ್ಯ. "ತಲೆ ಒಳಗೆ ಬಲಗಡೆಗೆ ಪೆಟ್ಟಾಗಿದೆ. ಅದಕ್ಕೇ ಎಡಗಡೆ ಅನ್ನೋದೇ ಅವರ ಮನಸ್ಸಿಗೆ ಸಿಗ್ತಿಲ್ಲ. ಕೈ ಕಣ್ಣಿಗೆ ಕಾಣುತ್ತೆ, ನನ್ನದು ಅಂತ ಅನ್ನಿಸಲ್ಲ. ವಾದ ಮಾಡಿ ಗೆಲ್ಲೋಕೆ ಹೋಗಬೇಡಿ, ಇಬ್ಬರಿಗೂ ಸುಸ್ತು. ಆದ್ರೆ ಕೈನ ಸುಮ್ಮನೆ ಬಿಡಬೇಡಿ. ದಿನಾ ನೀವಿ, ಬೆರಳು ಬಿಡಿಸಿ, ಎತ್ತಿ ಇಳಿಸಿ. ಬಿಟ್ರೆ ಮುಷ್ಟಿ ಕಟ್ಕೊಂಡು ಹಾಗೇ ಮರ ಆಗಿಬಿಡುತ್ತೆ. ಆಮೇಲೆ ಯಾರು ಬಂದ್ರೂ ಬಿಡಿಸೋಕಾಗಲ್ಲ."

ಆಗ ಮಂಚಮ್ಮನಿಗೆ ಮನೆಯಲ್ಲಿ ನಡೆಯುತ್ತಿದ್ದ ಇನ್ನೂ ಕೆಲವು ಸಂಗತಿಗಳು ಅರ್ಥವಾದವು. ಅವನು ತಟ್ಟೆಯ ಬಲಗಡೆಯ ಅರ್ಧ ಮುದ್ದೆಯನ್ನು ಮಾತ್ರ ಉಂಡು, "ಅರ್ಧ ಮುದ್ದೆ ಕಟ್ಟಾಕೆ ಎಲ್ ಕಲ್ತೆ?" ಎಂದು ಬೈಯುತ್ತಿದ್ದ. ಅವಳು ತಟ್ಟೆಯನ್ನು ತಿರುಗಿಸಿಟ್ಟರೆ, "ಈಗ ಬಂತು ನೋಡು, ಬೈದ್ರೇನೇ ಬರಾದು" ಎನ್ನುತ್ತಿದ್ದ. ನೋಡಲು ಬಂದ ನೆಂಟರು ಎಡಗಡೆ ಕೂತರೆ ಅವರಿಗೆ ಮಾತೇ ಇಲ್ಲ. ಸೋದರಿಕೆಯವರೊಬ್ಬರು ಹೀಗೆ ಎಡಗಡೆ ಕೂತು, ಕಾಫಿ ಕುಡಿದು, ಮುಖ ಊದಿಸಿಕೊಂಡು ಹೋಗಿದ್ದರು. ಅವರು ಹೋದ ಮೇಲೆ ಅವನು, "ಯಾರೂ ಬರಾಕಿಲ್ಲ ಮಂಚಿ ನಮ್ಮನೆಗೆ" ಎಂದು ನಿಟ್ಟುಸಿರು ಬಿಟ್ಟಿದ್ದ.

ಅವತ್ತು ಮನೆಗೆ ಬಂದವಳೇ ಎಣ್ಣೆ ಬಿಸಿ ಮಾಡಿಕೊಂಡು ಎಡಗೈಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಒಂದು ಸಲ ನೀವಿದ್ದಳೋ ಇಲ್ಲವೋ.

"ಏ ಏ ಏ! ಏನ್ ಮಾಡ್ತಾ ಇದ್ದೀಯೇ?"

"ಎಣ್ಣೆ ತಿಕ್ತಾ ಇವ್ನಿ."

"ಯಾರ್ಗೆ? ಕಟ್ಕೊಂಡ ಗಂಡ ಕಣ್ ಬುಟ್ಕೊಂಡು ಕುಂತಿವ್ನಿ. ನನ್ ಮುಂದೇನೇ ಕಂಡೋರ್ ಗಂಡ್ಸಿನ ಕೈ ತೊಡೆ ಮ್ಯಾಲೆ ಮಡಿಕ್ಕಂಡು ನೀವ್ತೀಯಲ್ಲ, ನಾಚ್ಕೆ ಆಗಲ್ವಾ?"

"ಅಯ್ಯೋ ನಿನ್ ಬಾಯಿಗೆ ಮಣ್ ಹಾಕ! ನಿಂದೇ ಕಣ ಇದು!"

"ನಂದು ಅಂತ ಹೇಳ್ಬುಟ್ರೆ ನಾನು ನಂಬ್ಬುಡ್ತೀನಾ? ಬುಡು ಮೊದ್ಲು." ಅವನು ಬಲಗೈಯಿಂದ ಎಡಗೈಯನ್ನು ಎಳೆದುಕೊಂಡು, ಮರ್ಯಾದೆಯಿಂದ ಅದರ ಮೇಲೆ ಟವೆಲ್ ಹೊದಿಸಿದ.

ತಾನೂ ನೀವುವುದಿಲ್ಲ, ಅವಳಿಗೂ ಬಿಡುವುದಿಲ್ಲ. "ಬ್ಯಾರೇರ ಸಾಮಾನು. ಹಿಂಡಾಕೋಗಿ ಮುರ್ದೋದ್ರೆ ಯಾರು ಜವಾಬು?" ಎನ್ನುವುದು ಅವನ ವಾದ. ಅವನು ನಿದ್ದೆ ಹೋದಾಗ ಮಂಚಮ್ಮ ಕದ್ದು ಬೆರಳು ಬಿಡಿಸುತ್ತಿದ್ದಳು. ಎಚ್ಚರವಾದರೆ ರಂಪ. ಒಂದು ಮಧ್ಯಾಹ್ನ ಹಾಗೆ ಬಿಡಿಸಲು ಹೋದಾಗ ಬೆರಳುಗಳು ಬರಲಿಲ್ಲ. ಹುರಿಗಟ್ಟಿದ ಹಗ್ಗದ ಹಾಗೆ ಅವಳ ಬಲಕ್ಕೆ ಎದುರಾದವು. ಅಷ್ಟರಲ್ಲಿ ಅವನು ಕಣ್ಣು ಬಿಟ್ಟ.

"ಮತ್ತೆ ಹಿಡ್ಕೊಂಡಾ! ಯಾರೇ ಅವ್ನು, ನೀನು ಇಷ್ಟೊಂದು ಅಚ್ಕೊಂಡಿರೋದು?"

"ನಮ್ ಚಿಕ್ಕಸ್ವಾಮೀದು ಕಣ!" ಮಾತು ಬಾಯಿಂದ ಬಿದ್ದೇ ಬಿಟ್ಟಿತು. "ನನ್ ತಮ್ಮನ ಕೈಯ ನಾನು ಮುಟ್ಟಬಾರ್ದಾ?"

ದೊಡ್ಡಮಾದಯ್ಯನ ಹುಬ್ಬು ಇಳಿಯಿತು. "ಹಂಗನ್ನು ಮತ್ತೆ. ಅವ್ನೇ ಇರ್ಬೇಕು ಅಂತ ನಂಗೂ ಅನ್ಸಿತ್ತು."

ಅನ್ನಿಸುವುದಕ್ಕೆ ಕಾರಣವೂ ಇತ್ತು. ತಿರುಮಕೂಡಲು ನರಸೀಪುರದಲ್ಲಿ ಶಾಮಿಯಾನ ಅಂಗಡಿಯ ಕೆಲಸಕ್ಕಿದ್ದ ಚಿಕ್ಕಸ್ವಾಮಿ ಅಕ್ಕನ ಮನೆಗೆ ಬಂದಾಗಲೆಲ್ಲ ಏನಾದರೂ ಬಿಟ್ಟು ಹೋಗುವವನು. ಟೈರಿಲ್ಲದ ಸೈಕಲ್ಲು, ಬಾಯಿ ಬಿಡದ ರೇಡಿಯೋ, ಯಾವುದೋ ಮದುವೆಯ ಎರಡು ಕಬ್ಬಿಣದ ಕುರ್ಚಿ, ಎಲ್ಲವೂ ಖಾಲಿ ಕೊಟ್ಟಿಗೆಯಲ್ಲಿ ಬಿದ್ದಿದ್ದವು. ಸೈಕಲ್ಲು ಬಿಟ್ಟವನು ಕೈ ಬಿಡುವುದಿಲ್ಲವೇ?

ಅವತ್ತು ಮಂಚಮ್ಮ ಮನಸ್ಸು ತುಂಬ ಎಣ್ಣೆ ತಿಕ್ಕಿದಳು. ಬೆರಳುಗಳು ಕೊನೆಗೂ ಸಡಿಲವಾದವು. ಆದರೆ ಆ ಸುಖ ಮಾರನೆಯ ಬೆಳಿಗ್ಗೆಯವರೆಗೆ ಮಾತ್ರ.

"ಒಡೆಯ ಗೊತ್ತಿಲ್ದಿದ್ದಾಗ ಬ್ಯಾರೆ. ಗೊತ್ತಾದ್ ಮ್ಯಾಲೆ ಮಡಿಕ್ಕಳಾದು ಕಳ್ತನ" ಎಂದ ದೊಡ್ಡಮಾದಯ್ಯ. "ಕರ್ಸು ಅವ್ನ. ಬಂದು ಎತ್ಕೊಂಡೋಗ್ಲಿ. ಬರ್ದಿದ್ರೆ ನ್ಯಾಯ ಸೇರ್ಸು."

ಮಗಳು ಧನುಶ್ರೀ ನಂಜನಗೂಡಿನ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕೆ ಹೋಗುತ್ತಿದ್ದಳು. ಅಲ್ಲಿನ ಎಸ್.ಟಿ.ಡಿ. ಬೂತಿನಿಂದ ಮಾವನಿಗೆ ಫೋನು ಮಾಡಿದಳು. ಗಾಜಿನ ಆಚೆ ಜನ ಸರದಿಗೆ ಕಾಯುತ್ತಿದ್ದರು. "ಮಾವ, ನಿನ್ ಕೈ ನಮ್ಮನೇಲಿ ಅದಂತೆ, ಅಪ್ಪ ತಕ್ಕೊಂಡೋಗು ಅಂತಾ ಅವ್ರೆ" ಎಂದು ಅವಳು ಎಷ್ಟು ಮೆಲ್ಲಗೆ ಹೇಳಿದರೂ ಆ ಕಡೆಯಿಂದ "ಏನೂ?" ಎಂದು ಕೂಗುತ್ತಿದ್ದ ಕಾರಣ ಜೋರಾಗಿಯೇ ಹೇಳಬೇಕಾಯಿತು. ಬೂತಿನವನು ಅವಳನ್ನು ವಿಚಿತ್ರವಾಗಿ ನೋಡಿ ಚಿಲ್ಲರೆ ಕೊಟ್ಟ.

ಮಂಚಮ್ಮ ಬೀದಿಯ ಯಜಮಾನ ಸಿದ್ದಯ್ಯನ ಮನೆಗೆ ಹೋದಳು. ಬೀದಿಯೊಳಗಿನ ಜಗಳ, ಕೂಡಾವಳಿ ಮದುವೆ ಎಲ್ಲವನ್ನೂ ತೀರ್ಮಾನ ಮಾಡುವವನು ಅವನೇ. ದನದ ವ್ಯಾಪಾರದ ಮಧ್ಯಸ್ಥಿಕೆಗೂ ಅವನೇ. ರಮ್ಯ ಹೇಳಿದ್ದನ್ನೆಲ್ಲ ಕೇಳಿ ಅವನು ನಶ್ಯದ ಡಬ್ಬಿಯನ್ನು ಮುಚ್ಚಿದ.

"ಕೈ ವಿಚಾರಕ್ಕೆ ನ್ಯಾಯ ಸೇರ್ಸಾದಾ ಮಂಚಮ್ಮ? ನಾಳೆ ನಾಲ್ಕು ಊರ್ನೋರು ನಗ್ತಾರೆ. ನನ್ ಮಾನ ಓಯ್ತದೆ."

"ನಿನ್ ಮಾನ ಓದ್ರೆ ಮತ್ತೆ ಬತ್ತದೆ ಅಣ್ಣ. ಅವ್ರ ಕೈ ಓದ್ರೆ ಬರಾಕಿಲ್ಲ."

ಸಿದ್ದಯ್ಯ ಡಬ್ಬಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, "ಭಾನುವಾರ ಬತ್ತೀವಿ, ಚಾಪೆ ಹಾಸಿರು" ಎಂದ.

ಭಾನುವಾರ ಜಗಲಿಯ ಮೇಲೆ ನ್ಯಾಯ ಸೇರಿತು. ನಾಲ್ಕೈದು ಜನ ಹಿರಿಯರು ಕೂತರು. ಎಲ್ಲರನ್ನೂ ಮಂಚಮ್ಮ ಗಂಡನ ಬಲಗಡೆಗೇ ಕೂರಿಸಿದ್ದಳು. ಪಕ್ಕದ ಮನೆಯ ಮಲ್ಲಾಜಮ್ಮ ಮೊರ ಹಿಡಿದುಕೊಂಡು ಅಕ್ಕಿ ಆರಿಸುವ ನೆಪದಲ್ಲಿ ಬಂದು ಕೂತಳು. ಮೊರದಲ್ಲಿ ಅಕ್ಕಿಯೇ ಇರಲಿಲ್ಲ. ಚಿಕ್ಕಸ್ವಾಮಿ ಬಸ್ಸಿಳಿದು ಬಂದವನು ಈ ಸಭೆಯನ್ನು ಕಂಡು ಬಾಗಿಲಲ್ಲೇ ನಿಂತುಬಿಟ್ಟ.

"ಬಾರಪ್ಪ" ಎಂದ ಸಿದ್ದಯ್ಯ. "ನಿಮ್ ಬಾವಂದು ಒಂದು ಫಿರ್ಯಾದು ಅದೆ. ನೀನು ಅವ್ರ ಮನೇಲಿ ಕೈ ಬುಟ್ಟೋಗಿದ್ದೀಯಂತೆ."

"ನನ್ ಕೈ ಎರಡೂ ಇಲ್ಲೇ ಅವಲ್ಲ ಯಜಮಾನ್ರೇ!" ಚಿಕ್ಕಸ್ವಾಮಿ ಎರಡೂ ಕೈ ಎತ್ತಿ ತೋರಿಸಿದ.

"ಎರಡವೆ ಅಂದ್ರೆ ಮೂರನೇದು ಇರಬಾರ್ದು ಅಂತ ಎಲ್ ಬರ್ದದೆ?" ಎಂದ ದೊಡ್ಡಮಾದಯ್ಯ. "ಒಂದ್ ಸೈಕಲ್ ಮನೇಲಿ ಮಡಿಕ್ಕಂಡು ಇನ್ನೊಂದ ನಮ್ ಕೊಟ್ಟಿಗೇಲಿ ಬುಟ್ಟಿಲ್ವಾ ಇವ್ನು?"

"ಅದು ದಿಟ" ಎಂದರು ಹಿರಿಯರೊಬ್ಬರು.

"ಬಾವ, ಯಾರಾದ್ರೂ ಕೈ ಬುಟ್ಟೋಗ್ತಾರಾ?"

"ಯಾರೂ ಓಗಲ್ಲ. ನೀನು ಓಯ್ತೀಯ."

ಮಲ್ಲಾಜಮ್ಮ ಖಾಲಿ ಮೊರದಿಂದ ಬಾಯಿ ಮುಚ್ಚಿಕೊಂಡಳು. ಚಿಕ್ಕಸ್ವಾಮಿ ಸಹಾಯಕ್ಕೆ ಅಕ್ಕನ ಕಡೆ ನೋಡಿದ. ಬಾಗಿಲ ಸಂದಿಯಲ್ಲಿ ನಿಂತಿದ್ದ ಮಂಚಮ್ಮ ಕಣ್ಣಲ್ಲೇ ಬೇಡಿಕೊಂಡಳು. ಅವನಿಗೆ ಏನೂ ಅರ್ಥವಾಗಲಿಲ್ಲ. ಆದರೆ ಚಿಕ್ಕಂದಿನಿಂದ ಆ ಕಣ್ಣುಗಳಿಗೆ ಅವನು ಇಲ್ಲ ಅಂದವನಲ್ಲ.

"ಊ ಕಣ್ರಪ್ಪ" ಎಂದ ತಲೆ ತಗ್ಗಿಸಿ. "ನಂದೇ. ಮರ್ತೋಗಿದ್ದೆ."

"ನೋಡುದ್ರಾ!" ದೊಡ್ಡಮಾದಯ್ಯ ಗೆದ್ದವನಂತೆ ಸುತ್ತಲೂ ನೋಡಿದ. ಅಂದರೆ ಬಲಗಡೆ ಸುತ್ತಲೂ. "ಎತ್ಕೊಂಡೋಗು ಹಂಗಾದ್ರೆ."

ಇದನ್ನು ಯಾರೂ ಯೋಚಿಸಿರಲಿಲ್ಲ. ಸಿದ್ದಯ್ಯ ನಶ್ಯ ಏರಿಸಿದ. ಹಿರಿಯರು ಸೂರಿನ ಗಳುಗಳನ್ನು ನೋಡಿದರು.

"ಬಸ್ಸು ಬಾಳ ರಶ್ಶು ಬಾವ" ಎಂದ ಚಿಕ್ಕಸ್ವಾಮಿ ದುರ್ಬಲವಾಗಿ.

ಆಗ ಬಾಗಿಲ ಸಂದಿಯಿಂದ ಮಂಚಮ್ಮನ ದನಿ ಬಂತು. "ಯಜಮಾನ್ರೇ, ಹೆಂಗ್ಸು ಮಾತಾಡ್ತೀನಿ ಅಂತ ಅನ್ಕೋಬ್ಯಾಡಿ. ನನ್ ತಮ್ಮ ಊರೂರು ಸುತ್ತಿ ಶಾಮಿಯಾನ ಕಟ್ಟೋನು. ಅವ್ನಿಗೆ ಇದ ನೋಡ್ಕಳಾಕೆ ಎಲ್ಲಿ ಪುರುಸೊತ್ತು? ತಕ್ಕೊಂಡೋದ್ರೆ ಸಾಯಿಸ್ಬುಡ್ತಾನೆ. ಇಲ್ಲೇ ಪಾಲಿಗೆ ಬುಟ್ಟೋಗ್ಲಿ."

ದೊಡ್ಡಮಾದಯ್ಯನ ಮುಖವನ್ನು ಮಂಚಮ್ಮ ನೋಡುತ್ತಿದ್ದಳು. ಕೊಟ್ಟಿಗೆ ಖಾಲಿಯಾದ ಮೇಲೆ ಯಾರೂ ಅವನನ್ನು ನಂಬಿ ಏನನ್ನೂ ಕೊಟ್ಟಿರಲಿಲ್ಲ. ಅವನಿಗೆ ಉಣಿಸುವವರಿದ್ದರು, ಎಬ್ಬಿಸಿ ಕೂರಿಸುವವರಿದ್ದರು, ಪಾಪ ಎನ್ನುವವರು ಬೇಕಾದಷ್ಟಿದ್ದರು. ಅವನು ಮೆಲ್ಲಗೆ ಬೆನ್ನು ನೆಟ್ಟಗೆ ಮಾಡಿಕೊಂಡ.

"ಒಣಗೋಗದೆ" ಎಂದ, ಕೈಯನ್ನು ದಲ್ಲಾಳಿಯ ಕಣ್ಣಿನಿಂದ ನೋಡುತ್ತ. "ಸರ್ಯಾಗಿ ನೋಡ್ಕಂಡಿಲ್ಲ ಇದ. ಆದ್ರೂ ಮೂಳೆ ಚೆನ್ನಾಗದೆ. ಪಾಲೇನು?"

ಇದರ ಮೇಲೆ ನಿಜವಾದ ಚರ್ಚೆ ಶುರುವಾಯಿತು. ಕೈ ಗಬ್ಬ ಕಟ್ಟುವುದಿಲ್ಲ, ಹಾಲು ಕರೆಯುವುದಿಲ್ಲ, ಗೊಬ್ಬರವೂ ಇಲ್ಲ. ಪಾಲು ಯಾವುದರಲ್ಲಿ? ಹೊಗೆಸೊಪ್ಪು ಅಗಿಯುತ್ತ ಕೂತಿದ್ದ ಒಬ್ಬರು ಉಗುರಿನಲ್ಲಿ ಪಾಲು ಎಂದರು. ಅವರನ್ನು ಸುಮ್ಮನಿರಿಸಲಾಯಿತು. ಕೊನೆಗೆ ಸಿದ್ದಯ್ಯ ತೀರ್ಮಾನ ಹೇಳಿದ. ಕೈ ದುಡಿದದ್ದರಲ್ಲಿ ಅರ್ಧ ಒಡೆಯನಿಗೆ, ಅರ್ಧ ಸಾಕಿದವನಿಗೆ. ಹೊತ್ತುಹೊತ್ತಿಗೆ ಎಣ್ಣೆ, ಬಿಸಿನೀರು, ಬಿಸಿಲು. ಒಡೆಯ ಬಂದಾಗ ತೋರಿಸಬೇಕು. ಕೇಳಿದರೆ ಹಿಂದಕ್ಕೆ ಕೊಡಬೇಕು. ಚಿಕ್ಕಸ್ವಾಮಿ ಎರಡೂ ಕೈಯಿಂದ ಆ ಮೂರನೆಯದನ್ನು ಎತ್ತಿ ಭಾವನ ಮಡಿಲಲ್ಲಿ ಇಟ್ಟ. ಎಲ್ಲರೂ ಕಾಫಿ ಕುಡಿದು ಎದ್ದರು.

ಅವತ್ತಿನಿಂದ ದೊಡ್ಡಮಾದಯ್ಯ ಮನುಷ್ಯನಾದ. ಕಣ್ಣು ಬಿಟ್ಟ ಕೂಡಲೇ ಬಲಗೈಯಿಂದ ಎಡಗೈಯನ್ನು ಎತ್ತಿ, "ಏಳು ಮಗಾ, ಹೊತ್ತಾಯ್ತು" ಎನ್ನುತ್ತಿದ್ದ. ಮಂಚಮ್ಮ ರಮ್ಯಳಿಂದ ಕಲಿತು ಬಂದದ್ದನ್ನು ಹೇಳುತ್ತಿದ್ದಳು, ಅವನು ಮಾಡಿಸುತ್ತಿದ್ದ. ಬೆರಳು ಒಂದೊಂದಾಗಿ ಬಿಡಿಸುವುದು, ಮಣಿಕಟ್ಟು ತಿರುಗಿಸುವುದು, ಎರಡೂ ಕೈ ಹೆಣೆದು ತಲೆಯವರೆಗೆ ಎತ್ತುವುದು. ಬಿಸಿಲು ಜಗಲಿಯಿಂದ ಸರಿದರೆ ಅವನೂ ಗೋಡೆ ಹಿಡಿದು ಸರಿಯುತ್ತಿದ್ದ, ಕೈಗೆ ಬಿಸಿಲು ತಪ್ಪಬಾರದೆಂದು. ನಡೆಯಲು ಒಲ್ಲೆ ಎನ್ನುತ್ತಿದ್ದ ಕಾಲು ಕೈಯ ನೆಪದಲ್ಲಿ ನಡೆಯಿತು. ಮಂಚಮ್ಮ ಅವಸರದಲ್ಲಿ ಎಣ್ಣೆ ಹಚ್ಚಲು ಮರೆತರೆ, "ನಮ್ದಾಗಿದ್ರೆ ನಡೀತಿತ್ತು. ನಂಬಿ ಬುಟ್ಟವ್ರೆ ಕಣೇ" ಎಂದು ಗದರುತ್ತಿದ್ದ.

ಕೈಗೆ ಬುದ್ಧಿಯೂ ಹೇಳುತ್ತಿದ್ದ. "ಮುಷ್ಟಿ ಕಟ್ಟಬ್ಯಾಡ. ಯಾರ್ ಮ್ಯಾಲ್ ಕೋಪ ನಿಂಗೆ? ನಿಮ್ಮೊಡೆಯನ ಮ್ಯಾಲಾ? ನಂಗೂ ಅದೆ ಬುಡು."

ಪಾರಿವಾಳದ ರಕ್ತ ಹಚ್ಚಿದರೆ ಲಕ್ವ ಬಿಡುತ್ತದೆಂದು ಯಾರೋ ನೆಂಟರು ಪಾರಿವಾಳ ತಂದರು. ಒಡೆಯನನ್ನು ಕೇಳದೆ ಏನೂ ಹಚ್ಚುವಂತಿಲ್ಲ ಎಂದು ದೊಡ್ಡಮಾದಯ್ಯ ಸ್ಪಷ್ಟವಾಗಿ ಹೇಳಿದ. ಪಾರಿವಾಳ ಕೊಟ್ಟಿಗೆ ಸೇರಿ ಚಿಕ್ಕಸ್ವಾಮಿಯ ಸೈಕಲ್ಲಿನ ಮೇಲೆ ಕೂತಿತು.

ಒಂದು ದಿನ ಮನೆಗೆ ಬಂದ ರಮ್ಯ ಬೆರಳುಗಳನ್ನು ಬಿಡಿಸಿ ನೋಡಿ, "ಚೆನ್ನಾಗಿ ನೋಡ್ಕೊಂಡಿದ್ದೀರಿ" ಎಂದಳು.

"ನಮ್ದಲ್ಲವಲ್ಲ ಮೇಡಮ್ಮೋರೆ, ನೋಡ್ಕೋಬೇಕು" ಎಂದ ಅವನು.

ಆಚೆ ಬಂದು ಮಂಚಮ್ಮ ಕೇಳಿದಳು, "ಹಿಂಗೇ ಸುಳ್ ಹೇಳ್ಕೊಂಡು ಇದ್ರೆ ಪಾಪ ಬರಲ್ವಾ ಅವ್ವ? ನಂದು ಅಂತ ಯಾವತ್ತು ಅಂತಾರೆ?"

"ಅನ್ನಬಹುದು. ಅನ್ನದೇನೂ ಇರಬಹುದು. ಹೆಚ್ಚಿನವರಿಗೆ ಬರ್ತಾ ಬರ್ತಾ ಗೊತ್ತಾಗುತ್ತೆ. ಅಲ್ಲಿವರೆಗೂ ಕೈ ಕೆಲಸ ಬಿಡಬಾರದು, ಅಷ್ಟೇ. ಇನ್ನು ಎರಡೂ ಕೈ ಸೇರಿ ಮಾಡೋ ಕೆಲಸ ಕೊಡಿ."

ಅವರೆಕಾಯಿಯ ಕಾಲ. ಮಂಚಮ್ಮ ಮೊರ ತುಂಬ ಕಾಯಿ ತಂದು ಮುಂದಿಟ್ಟಳು. ದೊಡ್ಡಮಾದಯ್ಯ ಎಡಗೈಯ ಬೆರಳುಗಳ ನಡುವೆ ಒಂದು ಕಾಯಿ ಸಿಕ್ಕಿಸಿ, ಬಲಗೈಯಿಂದ ಸುಲಿದ. ಕಾಯಿ ಜಾರಿತು. ಮತ್ತೆ ಸಿಕ್ಕಿಸಿದ. "ಹಿಡ್ಕೋ ಮಗಾ." ಜಾರಿತು. ಅವನಿಗೆ ಬೇಸರವಾಗಲಿಲ್ಲ. ಹೊಸ ಹೋರಿಗೆ ನೊಗ ರೂಢಿ ಮಾಡಿಸಿದವನಿಗೆ ಅವರೆಕಾಯಿ ಯಾವ ಲೆಕ್ಕ? ಸಂಜೆಯ ಹೊತ್ತಿಗೆ ಒಂದು ಹಿಡಿ ಕಾಳಾಯಿತು.

ಅವನು ಅದನ್ನು ಎರಡು ಗುಡ್ಡೆ ಮಾಡಿದ. ಒಂದನ್ನು ಕಾಗದದಲ್ಲಿ ಕಟ್ಟಿ ಮಗಳ ಕೈಗೆ ಕೊಟ್ಟ. "ನಿಮ್ ಮಾವಂಗೆ ಕಳ್ಸು. ಅವ್ನ ಪಾಲು."

"ಅಪ್ಪ, ಇಷ್ಟಾ? ನಮ್ಮನೆ ಸಾರಿಗೇ ಸಾಲಲ್ಲ."

"ಸಾಲ್ದು ಅಂತ ಪಾಲ್ ಕೊಡದೆ ಇರ್ತಾರಾ?"

ಧನುಶ್ರೀ ನಂಜನಗೂಡಿನ ಬಸ್ ಸ್ಟ್ಯಾಂಡಿನಲ್ಲಿ ನರಸೀಪುರದ ಬಸ್ಸು ಹುಡುಕಿ ಕಂಡಕ್ಟರಿಗೆ ಪೊಟ್ಟಣ ಕೊಟ್ಟಳು. ಅವನು ಅಲ್ಲಾಡಿಸಿ ನೋಡಿದ. "ಏನಮ್ಮ ಇದು?" ಅವಳು ಯೋಚಿಸಿ, "ಔಷ್ದಿ" ಎಂದಳು. ಆಮೇಲೆ ಪ್ರತಿ ಸಲವೂ ಔಷಧಿಯೇ ಆಯಿತು. ಪೊಟ್ಟಣ ಮಾತ್ರ ದಪ್ಪವಾಗುತ್ತ ಹೋಯಿತು.

ನರಸೀ‌ಪುರದಲ್ಲಿ ಚಿಕ್ಕಸ್ವಾಮಿಯ ಬದುಕು ಹಾಳಾಯಿತು. ಪೊಟ್ಟಣದ ಕತೆ ಅಂಗಡಿಯವರಿಗೆ ಹೇಗೋ ತಿಳಿಯಿತು. "ಲೋ, ಆ ಕಡೆ ಕಂಬಾನೂ ನೀನೇ ಹಿಡ್ಕೋ, ನಿಂಗೆ ಮೂರು ಕೈ ಅಲ್ವಾ" ಎಂದು ಏಣಿಯ ಮೇಲಿಂದ ಕೂಗುತ್ತಿದ್ದರು. ಮೂಗೂರಿನ ಕಡೆ ಅವನಿಗೆ ಹೆಣ್ಣು ನೋಡಿದ್ದರು. ಹೆಣ್ಣಿನ ಕಡೆಯವರು ಬಂದವರು ಅವನ ಮುಖ ಬಿಟ್ಟು ತೋಳುಗಳನ್ನೇ ನೋಡಿದರಂತೆ. ಅದರ ಮಾರನೆಯ ದಿನ ಅವನು ಕೋಪದಲ್ಲಿ ಬಸ್ಸು ಹತ್ತಿ ಅಕ್ಕನ ಮನೆಗೆ ಬಂದ.

ದೊಡ್ಡಮಾದಯ್ಯ ಜಗಲಿಯ ಮೇಲೆ ಗೋಡೆಗೆ ಒರಗಿ ಕಾಯಿ ಸುಲಿಯುತ್ತಿದ್ದ. ಚಿಕ್ಕಸ್ವಾಮಿ ಹೋಗಿ ಎಡಗಡೆ ಕೂತ. ಮಾತಾಡಿಸಿದ. ಉತ್ತರವಿಲ್ಲ. ಎದ್ದು ಬಲಗಡೆ ಬಂದ.

"ಓ, ಬಾ ಬಾ. ಯಾವಾಗ್ ಬಂದೆ? ನೋಡು ನಿನ್ ಕೈಯ. ಎಂಗೆ ಮೈ ತುಂಬ್ಕಂಡದೆ."

"ಬಾವ, ಸಾಕು ಈ ನಾಟ್ಕ. ಅದು ನಿನ್ ಕೈ. ನಂದಲ್ಲ. ನಂಗಿರಾದು ಎರಡೇ. ನ್ಯಾಯ್ದಲ್ಲಿ ಸುಳ್ಳೇಳ್ದೆ."

ಒಳಗೆ ಸಾರಿಗೆ ಕಾರ ಅರೆಯುತ್ತಿದ್ದ ಮಂಚಮ್ಮ ಕೈ ತೊಳೆಯದೆ ಓಡಿ ಬಂದಳು.

ದೊಡ್ಡಮಾದಯ್ಯ ಸಾವಕಾಶವಾಗಿ ಕಾಯಿ ಕೆಳಗಿಟ್ಟ. "ಪಾಲು ಕಮ್ಮಿ ಆಯ್ತಾ?"

"ಪಾಲಿನ್ ಮಾತಲ್ಲ ಬಾವ!"

"ಕಮ್ಮಿ ಆಯ್ತು ಅಂತ ಬಾಯ್ ಬುಟ್ ಹೇಳು. ಅದ್ಬುಟ್ಟು ನಂದಲ್ಲ ಅಂತ ತಪ್ಪಿಸ್ಕತೀಯಾ? ಸಾಕಿ ದೊಡ್ಡದ್ ಮಾಡಿದ್ ಮ್ಯಾಲೆ ನಿಂಗೆ ಬ್ಯಾಡ್ವಾಯ್ತಾ?"

ಚಿಕ್ಕಸ್ವಾಮಿಯ ತಾಳ್ಮೆ ಮುಗಿಯಿತು. "ಸರಿ ಹಂಗಾದ್ರೆ. ನಂದೇ ತಾನೇ? ಕೊಡು ಅತ್ಲಾಗೆ. ಇವತ್ತೇ ತಕ್ಕೊಂಡೋಯ್ತೀನಿ!"

ಅವನು ಅಂದುಕೊಂಡದ್ದು ಬೇರೆ. ಹೀಗೆ ಕೇಳಿದರೆ ಭಾವ ಕೊಡಲಾರ, ನನ್ನದು ಎಂದೇ ತೀರುತ್ತಾನೆ ಎಂದುಕೊಂಡಿದ್ದ. ಆದರೆ ದೊಡ್ಡಮಾದಯ್ಯ ಕೊಟ್ಟ ಮಾತಿನವನು. ಬಲಗೈಯಿಂದ ಎಡಗೈಯನ್ನು ಎತ್ತಿದ, ಅದಕ್ಕೆ ಅಂಟಿದ್ದ ಸಿಪ್ಪೆಯನ್ನು ಕೊಡವಿದ, ಚಿಕ್ಕಸ್ವಾಮಿಯನ್ನು ಕೈ ಇದ್ದ ಕಡೆಗೆ ಕರೆದು ಕೂರಿಸಿ ಅವನ ಮಡಿಲಲ್ಲಿ ಇಟ್ಟ.

"ಹೊತ್ತಾರೆ ಎಣ್ಣೆ ಹಚ್ಚು. ಥಂಡಿಗೆ ಬುಡಬ್ಯಾಡ" ಎಂದು ಹೇಳಿ ರಸ್ತೆಯ ಕಡೆ ಮುಖ ತಿರುಗಿಸಿಬಿಟ್ಟ.

ಮಂಚಮ್ಮನಿಗೆ ಅವನ ಗುಣ ಗೊತ್ತಿತ್ತು. ಒಪ್ಪಿಸಿದ ದನವನ್ನು ಅವನು ಮತ್ತೆ ತಿರುಗಿ ನೋಡಿದವನಲ್ಲ. ಬೀದಿಯಲ್ಲಿ ಎದುರು ಬಂದರೂ ಮುಟ್ಟಿದವನಲ್ಲ, ಮಾಯೆ ಅಂಟುತ್ತದೆಂದು ದೂರ ಹೋಗುತ್ತಿದ್ದ. ನಾಳೆಯಿಂದ ಅವನು ಆ ಕೈಯನ್ನು ಎತ್ತುವುದಿಲ್ಲ, ಬಿಡಿಸುವುದಿಲ್ಲ, ಮಾತಾಡಿಸುವುದಿಲ್ಲ. ಅವಳಿಗೂ ಬಿಡುವುದಿಲ್ಲ. ಅದು ಅಲ್ಲೇ ಅವನ ಮಗ್ಗುಲಲ್ಲೇ ಬಿದ್ದು ಮರವಾಗುತ್ತದೆ. ಮೈಯ ಜೊತೆಗೆ ಮನಸ್ಸೂ.

"ಏನ್ ಮಾಡ್ಬುಟ್ಟೆ ಮುಂಡೇದೇ" ಎಂದಳು ತಮ್ಮನಿಗೆ. ಅವನಿಗೂ ಗೊತ್ತಾಗಿತ್ತು. ಮಡಿಲಲ್ಲಿ ಭಾವನ ಕೈ, ಎದ್ದರೆ ಅದು ಬೀಳುತ್ತದೆ, ಕೂತರೆ ಬಸ್ಸು ಹೋಗುತ್ತದೆ. ಅವನು ಮಗುವನ್ನು ಮಲಗಿಸಿಕೊಂಡವನ ಹಾಗೆ ಅಲುಗಾಡದೆ ಕೂತ.

ಮಂಚಮ್ಮ ಸೆರಗಿನಿಂದ ಕಾರದ ಕೈ ಒರೆಸಿಕೊಂಡು ಬೀದಿಗಿಳಿದು ಸಿದ್ದಯ್ಯನನ್ನು ಕರೆತಂದಳು. "ಯಜಮಾನ್ರೇ, ಒಡೆಯ ಹಿಂದಕ್ಕೆ ಕೇಳ್ದಾಗ ಸಾಕಿದವ್ನ ಒಂದ್ ಮಾತು ಕೇಳ್ಬೇಕಲ್ವಾ, ನೀನೇ ಕೊಂಡ್ಕತೀಯಾ ಅಂತ?"

"ಕೇಳ್ಬೇಕು. ಅದು ಪದ್ಧತಿ" ಎಂದ ಸಿದ್ದಯ್ಯ. "ಮಾದಯ್ಯ, ಕೊಂಡ್ಕತೀಯಾ?"

ದೊಡ್ಡಮಾದಯ್ಯ ತುಂಬ ಹೊತ್ತು ರಸ್ತೆಯನ್ನೇ ನೋಡುತ್ತಿದ್ದ. ಜೀವಮಾನದಲ್ಲಿ ಅವನು ಸಾಕಿದ ಒಂದನ್ನೂ ಕೊಂಡುಕೊಂಡಿರಲಿಲ್ಲ.

"ಯಾಪಾರ ಕುದುರುದ್ರೆ ನೋಡಾನ" ಎಂದ ಕೊನೆಗೆ.

ದನದ ವ್ಯಾಪಾರದಲ್ಲಿ ಬೆಲೆಯನ್ನು ಬಾಯಲ್ಲಿ ಆಡುವುದಿಲ್ಲ. ಇಬ್ಬರ ಕೈಗಳ ಮೇಲೆ ಟವೆಲ್ ಹಾಕಿ, ಅದರ ಅಡಿಯಲ್ಲಿ ಒಬ್ಬರ ಬೆರಳನ್ನು ಇನ್ನೊಬ್ಬರು ಹಿಡಿದು ಬೆಲೆ ಹೇಳುತ್ತಾರೆ. ಸಿದ್ದಯ್ಯ ಹೆಗಲ ಟವೆಲ್ ತೆಗೆದು ಚಿಕ್ಕಸ್ವಾಮಿಯ ಮಡಿಲ ಮೇಲೆ ಹರಡಿದ.

"ಬಲಗೈ ಒಳಕ್ಕೆ ಬುಡು ಮಾದಯ್ಯ."

"ಬಲಗೈ ಗ್ವಾಡೆ ಹಿಡ್ಕಂಡದೆ ಯಜಮಾನ್ರೇ. ಬುಟ್ಟು ಆ ಕಡೀಕೆ ವಾಲಿದ್ರೆ ಬಿದ್ದೋಯ್ತೀನಿ. ಅದೇ ಮಾತಾಡ್ಲಿ ಬುಡಿ. ಅದ್ರ ಬೆಲೆ ಅದ್ಕೇ ಗೊತ್ತು."

ಸಿದ್ದಯ್ಯ ಮಂಚಮ್ಮನ ಮುಖ ನೋಡಿದ. ಚಿಕ್ಕಸ್ವಾಮಿ ತನ್ನ ಬೆರಳುಗಳನ್ನು ಟವೆಲಿನ ಕೆಳಗೆ ಆ ಅಂಗೈಯೊಳಗೆ ಇಟ್ಟು ಕಾದ.

ಟವೆಲ್ ಅಲ್ಲಾಡಲಿಲ್ಲ. ಮಲ್ಲಾಜಮ್ಮ ತನ್ನ ಮನೆಯ ಬಾಗಿಲಲ್ಲಿ ಬಂದು ನಿಂತಳು. ಒಳಗೆ ಒಲೆಯ ಮೇಲಿನ ಎಸರು ಕುದಿದು ಉಕ್ಕುವ ಸದ್ದು ಕೇಳಿಸಿತು. ಮಂಚಮ್ಮ ಹೋಗಲಿಲ್ಲ.

ಆಮೇಲೆ ಬಟ್ಟೆ ಸ್ವಲ್ಪ ಉಬ್ಬಿತು, ಕುಕ್ಕೆಯ ಕೆಳಗೆ ಕೋಳಿಮರಿ ಹೊರಳಿದ ಹಾಗೆ. ಚಿಕ್ಕಸ್ವಾಮಿಯ ಬಾಯಿ ತೆರೆಯಿತು.

"ಎಷ್ಟಂತದೆ?" ಎಂದ ಸಿದ್ದಯ್ಯ.

"ಮೂರ್ ಬೆರಳು ಹಿಡ್ಕಂಡದೆ."

"ಮೂರು ಅಂದ್ರೆ? ನೂರಾ, ಸಾವ್ರಾನಾ?"

"ಗೊತ್ತಾಯ್ತಿಲ್ಲ ಯಜಮಾನ್ರೇ. ಬುಡ್ತಾ ಇಲ್ಲ." ಅವನು ಎಳೆದ. ಟವೆಲ್ ಬಿಗಿಯಾಯಿತು. ಮತ್ತೆ ಎಳೆದ. "ಅಕ್ಕ, ಬುಡ್ತಾ ಇಲ್ಲ ಕಣಕ್ಕ!"

ದೊಡ್ಡಮಾದಯ್ಯ ತಿರುಗಿದ. ಅವನ ಲೋಕ ಮುಗಿಯುತ್ತಿದ್ದ ಮೂಗಿನ ನೇರವನ್ನು ದಾಟಿ ಮುಖ ನಿಧಾನವಾಗಿ ಎಡಕ್ಕೆ ಬಂತು. ಟವೆಲನ್ನು ನೋಡಿದ, ಅದರ ಅಡಿಗೆ ಹೋಗಿದ್ದ ತೋಳನ್ನು ನೋಡಿದ, ತೋಳಿನ ಗುಂಟ ತನ್ನ ಹೆಗಲವರೆಗೂ ನೋಡಿಕೊಂಡು ಬಂದ.

"ಎಳೀಬ್ಯಾಡ ಕಣ್ಲಾ" ಎಂದ. "ನೋಯ್ತದೆ."

"ಯಾರ್ಗೆ ಬಾವ?"

"ಕೈಗೆ ಕಣ್ಲಾ. ಇನ್ಯಾರ್ಗೆ?" ಅವನು ಹುಬ್ಬು ಗಂಟಿಕ್ಕಿ, ದೂರದಲ್ಲಿ ಯಾರೋ ಕೂಗಿದ್ದನ್ನು ಆಲಿಸುವವನಂತೆ ಸ್ವಲ್ಪ ಹೊತ್ತು ಕೂತ. "ನಂಗೂ ಒಸಿ."

ರಸ್ತೆಯಲ್ಲಿ ನಂಜನಗೂಡಿನ ಬಸ್ಸು ಬಂದು ನಿಂತು, ಹಾರನ್ ಹೊಡೆದು, ಹೋಯಿತು. ಚಿಕ್ಕಸ್ವಾಮಿ ಏಳಲಿಲ್ಲ. ಏಳುವ ಹಾಗೂ ಇರಲಿಲ್ಲ.